ಕೆಲಸ ಇದೆ, ಸಂಬಳ?

ಹೆಣ್ಣಿನ ಕಡೆಯವರು ‘ಹುಡುಗನಿಗೆ ಏನು ಕೆಲಸ?’ ಎಂದರೆ, ‘ಕೆಲಸ ಅಂತೇನಿಲ್ಲ, ಜಮೀನು ನೋಡ್ಕೊಂಡಿದ್ದಾನೆ’ ಎಂಬ ಉತ್ತರ ಬರುವುದುಂಟು. ನಸುಕಿಗೇ ಎದ್ದು ಹಾಲು ಕರೆದು ಡೇರಿಗೆ ಹಾಕಿ, ತೋಟಕ್ಕೆ ನೀರು ಹಾಯಿಸಿ ಬರುವವನಿಗೆ ಕೆಲಸವಿಲ್ಲ! ಆಡಿದವರಿಗೂ ಕೇಳಿದವರಿಗೂ ಇದರಲ್ಲಿ ಗೊಂದಲವಿಲ್ಲ. ‘ಕೆಲಸ’ ಎಂದರೆ ದುಡಿಮೆಯೂ ಹೌದು, ತಿಂಗಳಿಗೊಮ್ಮೆ ಕೈಸೇರುವ ಸಂಬಳವೂ ಹೌದು. ಯಾವ ಹೊತ್ತಿಗೆ ಯಾವ ಅರ್ಥ ಎಂಬುದು ಊರಿಗೆಲ್ಲ ಗೊತ್ತು.

ಸರ್ಕಾರದ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ ರಾಶಿಗೆ ಬೀಳುತ್ತವೆ. ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಏಳು ದಿನಗಳೊಳಗೆ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರು. ಗಂಡನ ಹೊಲದಲ್ಲಿ ಕಳೆ ಕೀಳುವ, ಮನೆಯ ಅಂಗಡಿಯಲ್ಲಿ ಕೂರುವ ಹೆಂಡತಿಗೆ ಬಿಡಿಗಾಸು ಸಿಗದಿದ್ದರೂ ಆಕೆ ಉದ್ಯೋಗಸ್ಥೆ. ಆಕೆಯನ್ನು ಎಣಿಸುವುದು ನ್ಯಾಯವೇ. ಆ ದುಡಿಮೆಯಿಲ್ಲದೆ ಬೆಳೆ ಕೈಗೆ ಬರುವುದಿಲ್ಲ. ಆದರೆ ಎಣಿಸಿದ ಮೇಲೆ ಹೇಳುವ ಮಾತು ಬೇರೆಯಾಗುತ್ತಿದೆ.

ಇದೇ ಸಮೀಕ್ಷೆಯ ವರ್ಷದ ಲೆಕ್ಕದ ಪ್ರಕಾರ 2017–18ರಲ್ಲಿ ಶೇ 6.1ರಷ್ಟಿದ್ದ ನಿರುದ್ಯೋಗ 2023–24ಕ್ಕೆ ಶೇ 3.2ಕ್ಕೆ ಇಳಿಯಿತು. ದುಡಿಯುವ ಇಲ್ಲವೇ ಕೆಲಸ ಹುಡುಕುವ ಮಹಿಳೆಯರ ಪಾಲು ಶೇ 23.3ರಿಂದ ಶೇ 41.7ಕ್ಕೆ ಏರಿತು. ಸಂತೋಷಪಡೋಣ ಎಂದುಕೊಳ್ಳುವಾಗಲೇ ಪಕ್ಕದ ಕಾಲಂ ಕಣ್ಣಿಗೆ ಬೀಳುತ್ತದೆ. ಒಟ್ಟು ಉದ್ಯೋಗಸ್ಥರಲ್ಲಿ ಸಂಬಳದಾರರ ಪಾಲು ಶೇ 22.8ರಿಂದ 21.7ಕ್ಕೆ ಕುಗ್ಗಿದೆ. ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು ಶೇ 13.6 ಇದ್ದವರು ಶೇ 19.4 ಆಗಿದ್ದಾರೆ. ದುಡಿಯುವ ಮಹಿಳೆಯರನ್ನಷ್ಟೇ ತೆಗೆದುಕೊಂಡರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹೀಗೆ ಬರಿಗೈಯಲ್ಲಿ ದುಡಿಯುವವರು.

ಆರ್ಥಿಕತೆ ಬೆಳೆದಂತೆ ಜನ ಹೊಲ ಬಿಟ್ಟು ಕಾರ್ಖಾನೆ, ಕಚೇರಿಗಳತ್ತ ಹೋಗುವುದು ವಾಡಿಕೆ. ನಮ್ಮಲ್ಲಿ ಕೃಷಿಯನ್ನು ನಂಬಿದವರ ಪಾಲು ಇದೇ ಅವಧಿಯಲ್ಲಿ ಶೇ 44ರಿಂದ ಶೇ 46ಕ್ಕೆ ಏರಿದೆ. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದವರಲ್ಲಿ ಎಲ್ಲರಿಗೂ ಪೇಟೆಯಲ್ಲಿ ಮತ್ತೆ ಜಾಗ ಸಿಗಲಿಲ್ಲ. ಅಷ್ಟೇ ನೆಲ, ಹೆಚ್ಚು ಕೈಗಳು. ಇನ್ನು ‘ನಿರುದ್ಯೋಗಿ’ ಎನ್ನಿಸಿಕೊಂಡು ಒಳ್ಳೆಯ ನೌಕರಿಗೆ ಕಾಯಬೇಕಾದರೂ ಮನೆಯಲ್ಲಿ ಅಕ್ಕಿ ಇರಬೇಕು. ಬಡವರು ಸಿಕ್ಕಿದ್ದನ್ನು ಮಾಡುತ್ತಾರೆ. ಹಾಗಾಗಿ ಕಡಿಮೆ ನಿರುದ್ಯೋಗವನ್ನು ಸಮೃದ್ಧಿಯ ಗುರುತೆಂದು ಓದುವುದು ತಪ್ಪು.

ಈ ಅಂಕಿಗಳೆಲ್ಲ ಸರ್ಕಾರವೇ ಪ್ರಕಟಿಸಿದವು, ಯಾರೂ ಬಚ್ಚಿಟ್ಟಿಲ್ಲ. ನಿರುದ್ಯೋಗದ ಪ್ರಮಾಣವನ್ನು ತಲೆಬರಹದಲ್ಲಿ ಅಚ್ಚು ಹಾಕುವ ಪತ್ರಿಕೆಗಳು, ಸಂಬಳವಿಲ್ಲದೆ ದುಡಿಯುವವರ ಪ್ರಮಾಣವನ್ನೂ ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಲಿ.