ವಿದ್ಯುತ್ ಎಸ್‌ಯುವಿಗಳಲ್ಲಿ ಫುಟ್‌ಬೋರ್ಡ್ ಅಳವಡಿಕೆ

ಫುಟ್‌ಬೋರ್ಡ್ ಅಥವಾ ರನ್ನಿಂಗ್ ಬೋರ್ಡ್ ಎಂಬುದು ಮೋಟಾರು ವಾಹನದ ಬಾಗಿಲುಗಳ ಕೆಳಗೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಉದ್ದಕ್ಕೂ ಜೋಡಿಸುವ ಮೆಟ್ಟಿಲು. ಎತ್ತರದ ವಾಹನವನ್ನು ಹತ್ತಿ ಇಳಿಯಲು ವೃದ್ಧರಿಗೆ, ಮಕ್ಕಳಿಗೆ ಹಾಗೂ ಸೀರೆಯುಟ್ಟವರಿಗೆ ಇದು ಆಸರೆ. ವಿದ್ಯುತ್ ಎಸ್‌ಯುವಿಗಳಲ್ಲಿ ಬ್ಯಾಟರಿಯು ವಾಹನದ ತಳಭಾಗದಲ್ಲೇ ಇರುವುದರಿಂದ, ಇದನ್ನು ಹೊರಗಿನಿಂದ ಕೊಂಡು ಅಳವಡಿಸುವಾಗ ವಿಶೇಷ ಎಚ್ಚರಿಕೆ ಅಗತ್ಯವಾಗುತ್ತದೆ.

ಹಿನ್ನೆಲೆ

ಕುದುರೆ ಸಾರೋಟುಗಳಲ್ಲಿದ್ದ ಈ ಮೆಟ್ಟಿಲು ಫೋರ್ಡ್ ಮಾಡೆಲ್ ಟಿ ಮೊದಲಾದ ಆರಂಭಕಾಲದ ಕಾರುಗಳಿಗೂ ಬಂದಿತು. 1930ರ ದಶಕದ ಕೊನೆಯಿಂದ ಕಾರುಗಳ ಒಡಲು ಅಗಲವಾಗುತ್ತ ಹೋದಂತೆ ಅದು ಮರೆಯಾಯಿತು. ಆದರೆ ಫೋಕ್ಸ್‌ವ್ಯಾಗನ್ ಬೀಟಲ್ ಮಾತ್ರ 2003ರಲ್ಲಿ ತಯಾರಿಕೆ ನಿಲ್ಲುವವರೆಗೂ ಅದನ್ನು ಉಳಿಸಿಕೊಂಡಿತ್ತು. ಪಿಕಪ್ ಮತ್ತು ಎಸ್‌ಯುವಿಗಳ ಜನಪ್ರಿಯತೆಯೊಂದಿಗೆ ಫುಟ್‌ಬೋರ್ಡ್ ಮರಳಿ ಬಳಕೆಗೆ ಬಂದಿತು.

ವಿದ್ಯುತ್ ವಾಹನದ ರಚನೆ

ಟೊಯೊಟಾ ಫಾರ್ಚೂನರ್‌ನಂತಹ ವಾಹನಗಳಲ್ಲಿ ಒಡಲಿನ ಅಡಿಯಲ್ಲಿ ಏಣಿಯಾಕಾರದ ಪ್ರತ್ಯೇಕ ಚಾಸಿ ಇರುತ್ತದೆ. ಮೆಟ್ಟಿಲಿನ ಭಾರವನ್ನು ಅದು ಹೊರಬಲ್ಲದು. ಹೆಚ್ಚಿನ ವಿದ್ಯುತ್ ಎಸ್‌ಯುವಿಗಳಲ್ಲಿ ಈ ಅನುಕೂಲವಿಲ್ಲ. ಎರಡು ಅಚ್ಚುಗಳ ನಡುವಿನ ನೆಲವನ್ನೆಲ್ಲ ಬ್ಯಾಟರಿ ಪೆಟ್ಟಿಗೆ ಆಕ್ರಮಿಸಿರುತ್ತದೆ. ಅದರ ಎರಡೂ ಪಕ್ಕಗಳಲ್ಲಿರುವ ಬಾಗಿಲ ಹೊಸ್ತಿಲ ಭಾಗವು ಪಕ್ಕದಿಂದ ಬೀಳುವ ಹೊಡೆತವನ್ನು ತಾನು ಹೀರಿಕೊಂಡು ಬ್ಯಾಟರಿಯನ್ನು ಕಾಪಾಡುತ್ತದೆ. ಆದ್ದರಿಂದ ಅಲ್ಲಿ ಹೊಸದಾಗಿ ರಂಧ್ರ ಕೊರೆಯುವುದು ಅಥವಾ ವೆಲ್ಡಿಂಗ್ ಮಾಡುವುದು ಸರ್ವಥಾ ಸಲ್ಲದು. ಅಧಿಕ ವೋಲ್ಟೇಜಿನ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ತರಬೇತಿ ಇಲ್ಲದವರು ಅವುಗಳನ್ನು ಮುಟ್ಟಬಾರದು.

ಆಯ್ಕೆ

ಆಯಾ ಮಾದರಿಗೆಂದೇ ತಯಾರಾದ, ಕಾರ್ಖಾನೆಯಲ್ಲೇ ಬಿಟ್ಟಿರುವ ಮರೆಯುಳ್ಳ ರಂಧ್ರಗಳಿಗೆ ಹೊಂದುವ ಬ್ರಾಕೆಟ್‌ಗಳಿರುವ ಫುಟ್‌ಬೋರ್ಡನ್ನೇ ಆರಿಸಬೇಕು. ‘ಎಲ್ಲ ಕಾರಿಗೂ ಹೊಂದುತ್ತದೆ’ ಎಂದು ಮಾರುವ ವಸ್ತು ಇಲ್ಲಿ ಯೋಗ್ಯವಲ್ಲ. ಬ್ಯಾಟರಿ ಪೆಟ್ಟಿಗೆಯನ್ನು ಹಿಡಿದಿರುವ ಬೋಲ್ಟ್‌ಗಳನ್ನೇ ಸಡಿಲಿಸಿ ಬ್ರಾಕೆಟ್ ಸೇರಿಸುವಂತೆ ಸೂಚಿಸುವ ಕಿಟ್‌ಗಳನ್ನು ಕೊಳ್ಳದಿರುವುದೇ ಲೇಸು.

ಕೊಳ್ಳುವವರು ಹೆಚ್ಚಾಗಿ ಗಮನಿಸದ ಸಂಗತಿಯೆಂದರೆ ಎತ್ತರ. ನೆಲಕ್ಕೂ ಹೊಸ್ತಿಲಿಗೂ ನಡುವೆ, ಸುಮಾರು ಅರ್ಧದಲ್ಲಿ ಇರುವ ಮೆಟ್ಟಿಲು ಪ್ರಯೋಜನಕಾರಿ. ಅಂದಕ್ಕಾಗಿ ಹೊಸ್ತಿಲಿಗೆ ಅಂಟಿದಂತೆ ಕೂರಿಸಿದ ಕಿರಿದಾದ ಪಟ್ಟಿಯ ಮೇಲೆ ಪಾದ ನಿಲ್ಲುವುದಿಲ್ಲ. ಹತ್ತುವವರು ಅದನ್ನು ದಾಟಿ ಇನ್ನಷ್ಟು ದೂರಕ್ಕೆ ಕಾಲು ಚಾಚಬೇಕಾಗುತ್ತದೆ, ಉಟ್ಟ ಬಟ್ಟೆಗೂ ಕೆಸರು ಮೆತ್ತುತ್ತದೆ. ಯಾರಿಗಾಗಿ ಮೆಟ್ಟಿಲು ಬೇಕಾಗಿದೆಯೋ ಅವರನ್ನೇ ಕರೆದೊಯ್ದು, ಅಳವಡಿಸಿರುವ ವಾಹನವೊಂದನ್ನು ಹತ್ತಿಸಿ ನೋಡುವುದು ಉತ್ತಮ. ತೀರ ಕೆಳಗಿಳಿದ ಮೆಟ್ಟಿಲಾದರೋ ರಸ್ತೆಯುಬ್ಬುಗಳಿಗೆ ತಾಗುತ್ತದೆ.

ರಿವಿಯನ್ ಆರ್1ಎಸ್‌ನಂತೆ ಏರ್ ಸಸ್ಪೆನ್ಷನ್ ಇರುವ ವಾಹನಗಳು ಹತ್ತುವವರ ಅನುಕೂಲಕ್ಕೆ ತಾವೇ ತಗ್ಗಬಲ್ಲವು. ಅಂತಹ ವಾಹನಕ್ಕೆ ಮೆಟ್ಟಿಲು ಬೇಕೇ ಎಂಬುದನ್ನು ಮೊದಲು ಯೋಚಿಸಬೇಕು. ಸ್ಥಿರ ಫುಟ್‌ಬೋರ್ಡ್ ತೂಕವನ್ನೂ ಗಾಳಿಯ ತಡೆಯನ್ನೂ ಹೆಚ್ಚಿಸುವುದರಿಂದ ಒಂದು ಚಾರ್ಜಿಗೆ ಕ್ರಮಿಸುವ ದೂರ ಸ್ವಲ್ಪ ಕುಗ್ಗಬಹುದು.

ಬಾಗಿಲು ತೆರೆದಾಗ ಹೊರಬಂದು, ಮುಚ್ಚಿದಾಗ ಮಡಚಿಕೊಳ್ಳುವ ಮೋಟಾರು ಚಾಲಿತ ಮಾದರಿಗಳೂ ಇವೆ. ಅವು ವಾಹನದ ಚಿಕ್ಕ ಬ್ಯಾಟರಿಯಿಂದ ವಿದ್ಯುತ್ ಪಡೆಯುತ್ತವೆ. ಈ ಬ್ಯಾಟರಿ ಎಲ್ಲ ವಾಹನಗಳಲ್ಲೂ 12 ವೋಲ್ಟಿನದೇ ಆಗಿರುವುದಿಲ್ಲ. 2021ರಲ್ಲಿ ಪರಿಷ್ಕರಿಸಿದ ಟೆಸ್ಲಾ ಮಾಡೆಲ್ ಎಕ್ಸ್‌ನಲ್ಲಿ 16 ವೋಲ್ಟಿನ ವ್ಯವಸ್ಥೆಯಿದೆ. ಮಣ್ಣು ತುಂಬಿ ಕೀಲು ಬಿಗಿಯುವುದು ಈ ಮಾದರಿಗಳ ಸಾಮಾನ್ಯ ತೊಂದರೆ.

ಅಳವಡಿಕೆ

ವಾಹನವನ್ನು ಎತ್ತುವುದಾದರೆ ತಯಾರಕರ ಕೈಪಿಡಿ ಸೂಚಿಸಿದ ಜಾಕ್ ಬಿಂದುಗಳಲ್ಲೇ ಎತ್ತಬೇಕು. ಬ್ಯಾಟರಿ ಪೆಟ್ಟಿಗೆಯ ಅಡಿಗೆ ಜಾಕ್ ಕೊಟ್ಟರೆ ಪೆಟ್ಟಿಗೆ ನುಗ್ಗಾಗಿ ಒಳಗಿನ ಕೋಶಗಳಿಗೆ ಧಕ್ಕೆಯಾದೀತು. ಏರ್ ಸಸ್ಪೆನ್ಷನ್ ಇದ್ದಲ್ಲಿ ಜಾಕ್ ಮೋಡ್ ಚಾಲೂ ಮಾಡಿಕೊಳ್ಳಬೇಕು, ಇಲ್ಲವಾದರೆ ಕೆಲಸದ ನಡುವೆ ವಾಹನ ತಾನಾಗಿ ಎತ್ತರ ಸರಿಪಡಿಸಿಕೊಳ್ಳಲು ಹೊರಡಬಹುದು.

ಮೊದಲು ಎಲ್ಲ ಬೋಲ್ಟ್‌ಗಳನ್ನೂ ಕೈಯಿಂದ ಸಡಿಲವಾಗಿ ತಿರುಗಿಸಿ, ಹಲಗೆ ನೇರವಾಗಿದೆಯೆಂದು ಕಂಡ ಮೇಲೆ ಟಾರ್ಕ್ ವ್ರೆಂಚ್‌ನಿಂದ ಸೂಚಿತ ಅಳತೆಗೆ ಬಿಗಿಯಬೇಕು. ಅಲ್ಯೂಮಿನಿಯಂ ಭಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ನೇರವಾಗಿ ತಾಗಿದರೆ ತೇವದಲ್ಲಿ ಅಲ್ಯೂಮಿನಿಯಂ ಸವೆಯುವುದರಿಂದ ನಡುವೆ ನೈಲಾನ್ ವಾಷರ್ ಬಳಸುತ್ತಾರೆ. ಜಾಕ್ ಬಿಂದುಗಳು ಮುಚ್ಚಿಹೋಗಿಲ್ಲವೆಂದೂ, ತೆರೆದ ಬಾಗಿಲಿನ ಕೆಳಅಂಚು ಹಲಗೆಗೆ ತಾಗುವುದಿಲ್ಲವೆಂದೂ ಪರೀಕ್ಷಿಸಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಬಿಗಿತವನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ.

ಕಾನೂನು

ಭಾರತದ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಹೊರಗಿನಿಂದ ತಂದು ಜೋಡಿಸಿದ ಭಾಗದಿಂದಾದ ಹಾನಿಯನ್ನು ವಾರಂಟಿಯು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ಬ್ಯಾಟರಿಯು ವಿದ್ಯುತ್ ವಾಹನದ ಅತಿ ದುಬಾರಿ ಭಾಗವಾದ್ದರಿಂದ, ಅಳವಡಿಕೆಗೆ ಮುಂಚೆಯೇ ತಯಾರಕರಿಂದ ಲಿಖಿತ ಸ್ಪಷ್ಟನೆ ಪಡೆಯುವುದು ಸೂಕ್ತ.