ಸ್ಥಾವರವನ್ನು ಕಾಯ್ದ ಜಂಗಮ
(ಕನ್ನಡ ನಾಡಿನ ಮಹಾಶಿಲಾಮೂರ್ತಿಗಳ ಚರಿತ್ರೆಯಿಂದ ತಿಳಿಯತಕ್ಕ ಒಂದು ವಿಚಾರ)

ಶರಣ ಸಮಯದಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಸ್ಥಾವರ ಜಂಗಮಗಳ ವಿವೇಚನೆಯು ಬಾಲ್ಯದಿಂದಲೇ ಪರಿಚಿತವಾದುದಷ್ಟೆ. ಒಂದೆಡೆಯಲ್ಲಿ ನಿಂತು ಕದಲದಿರುವುದು ಸ್ಥಾವರ. ಚೈತನ್ಯರೂಪದಿಂದ ಸಂಚರಿಸುವುದು ಜಂಗಮ. ನಿಲ್ಲಿಸಿದ್ದಕ್ಕೆ ಕಾಲಬಾಧೆಯು ತಪ್ಪದೆಂದೂ, ಅರಿವು ಆಚಾರಗಳ ರೂಪದಿಂದ ಗುರುವಿನಿಂದ ಶಿಷ್ಯನಿಗೆ ನಡೆದುಬರುವುದಕ್ಕೆ ಆ ಬಾಧೆಯು ತಟ್ಟದೆಂದೂ ಹನ್ನೆರಡನೆಯ ಶತಮಾನದ ಶರಣರು ಸಾರಿದರು. ಇದನ್ನು ಕೇಳಿದ ಕೆಲವರು, ಹಾಗಾದರೆ ಇಷ್ಟಲಿಂಗವನ್ನು ಅಂಗೈಯಲ್ಲಿ ಧರಿಸಿದ ಭಕ್ತನಿಗೆ ಬೆಟ್ಟದ ಮೇಲಣ ಕಲ್ಲಿನ ಮೂರ್ತಿಗಳ ಚರಿತ್ರೆಯಿಂದ ಆಗಬೇಕಾದುದೇನೆಂದು ಶಂಕಿಸುವುದುಂಟು. ಕಲ್ಲನ್ನು ಕಡೆದವರೂ ಸಾಗಿಸಿದವರೂ ಕಾಯ್ದವರೂ ಮನುಷ್ಯರೇ ಆಗಿರುವುದರಿಂದ, ಆ ಚರಿತ್ರೆಯು ವಾಸ್ತವವಾಗಿ ಜಂಗಮದ ಚರಿತ್ರೆಯೇ ಆಗಿದೆ ಎಂಬುದನ್ನು ಮುಂದಿನ ಸಂಗತಿಗಳಿಂದ ಭಕ್ತಮಹಾಶಯರು ಮನಗಾಣಬಹುದು.

೧. ಕನ್ನಡ ನಾಡಿನ ಮೂರ್ತಿಗಳು

ಮಹಾಶಿಲಾಮೂರ್ತಿಗಳೆಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವವನು ಗೊಮ್ಮಟೇಶ್ವರನು. ಅಣ್ಣನಾದ ಭರತನನ್ನು ಗೆದ್ದೂ ಗೆದ್ದ ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತ ಬಾಹುಬಲಿಯ ಮೂರ್ತಿಯನ್ನು, ಗಂಗರ ರಾಚಮಲ್ಲನಿಗೆ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ಕ್ರಿ. ಶ. ೯೮೧ರ ಸುಮಾರಿಗೆ ಶ್ರವಣಬೆಳಗೊಳದ ದೊಡ್ಡಬೆಟ್ಟದ ನೆತ್ತಿಯಲ್ಲಿ ಮಾಡಿಸಿದನು. ಸುಮಾರು ೫೭ ಅಡಿ ಎತ್ತರವಾದ ಈ ಮೂರ್ತಿಯನ್ನು ಎಲ್ಲಿಂದಲೂ ತಂದು ನಿಲ್ಲಿಸಲಿಲ್ಲ. ಬೆಟ್ಟದ ಶಿಖರಶಿಲೆಯನ್ನೇ ಸುತ್ತಲೂ ಕಡೆದು ಒಳಗಿನ ರೂಪವನ್ನು ಹೊರಗೆಡಹಿದರು. ಮಾಡಿಸಿದವನ ಹೆಸರು ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳೆಂಬ ಮೂರು ಭಾಷೆಗಳಲ್ಲಿ ಕೆತ್ತಲ್ಪಟ್ಟಿದೆ.

ಕಾರ್ಕಳದ ಮೂರ್ತಿಯ ಸಂಗತಿಯು ಬೇರೆ. ಭೈರರಸರ ವಂಶದ ವೀರಪಾಂಡ್ಯನು ೧೪೩೨ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ಮೂರ್ತಿಯು ಸುಮಾರು ೪೨ ಅಡಿ ಎತ್ತರವುಳ್ಳದ್ದು. ಇದರ ತೂಕವನ್ನು ೮೦ ಟನ್ನುಗಳೆಂದು ಅಂದಾಜು ಮಾಡಿದ್ದಾರೆ. ಬೇರೆಡೆಯಲ್ಲಿ ಕಡೆದು ಬಹು ಗಾಲಿಗಳ ಬಂಡಿಗಳ ಮೇಲೆ ಮಲಗಿಸಿ, ಹಗ್ಗ ಹಾಕಿ, ತೆಂಗಿನಕಾಯಿಗಳನ್ನು ಒಡೆಯುತ್ತ, ಬಂಡೆಯ ಇಳಿಜಾರಿನ ಮೇಲೆ ಇದನ್ನು ಎಳೆದು ತಂದರೆಂದು ಆ ಸೀಮೆಯ ಜನರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಚಂದ್ರಮ ಕವಿಯು ಹದಿನೇಳನೆಯ ಶತಮಾನದಲ್ಲಿ ಈ ಗೊಮ್ಮಟನ ಚರಿತೆಯನ್ನೇ ಕಾವ್ಯವಾಗಿ ಬರೆದನು. ಬಳಿಕ ೧೬೦೪ರಲ್ಲಿ ತಿಮ್ಮರಾಜ ಅಜಿಲನು ವೇಣೂರಿನಲ್ಲಿ ಸುಮಾರು ೩೫ ಅಡಿಯ ಮೂರ್ತಿಯನ್ನು ನಿಲ್ಲಿಸಿದನು. ಈ ವಿದ್ಯೆಯು ಅಲ್ಲಿಗೂ ಮುಗಿಯಲಿಲ್ಲ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ ೩೯ ಅಡಿಯ ಬಾಹುಬಲಿಯನ್ನು ೧೯೭೩ರಲ್ಲಿ ಬಹು ಗಾಲಿಗಳ ವಾಹನದ ಮೇಲೆ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ೧೯೮೨ರಲ್ಲಿ ಅದರ ಪ್ರತಿಷ್ಠೆಯಾಯಿತು.

೨. ಕಡಲ ನಡುವಣ ದ್ವೀಪ

ಇಂತಹ ಮೂರ್ತಿಗಳನ್ನು ಕಡೆದು ಸಾಗಿಸಿ ನಿಲ್ಲಿಸಿದವರು ಭೂಮಂಡಲದಲ್ಲಿ ಕನ್ನಡಿಗರೊಬ್ಬರೇ ಅಲ್ಲ. ಶಾಂತಸಾಗರದ ನಡುವೆ, ಚಿಲಿ ದೇಶದ ಕರಾವಳಿಗೆ ಎರಡು ಸಾವಿರಕ್ಕೂ ಮಿಕ್ಕ ಮೈಲಿಗಳ ದೂರದಲ್ಲಿ, ರಾಪಾ ನುಯಿ ಎಂಬ ಪುಟ್ಟ ದ್ವೀಪವೊಂದಿದೆ. ಡಚ್ಚರ ನೌಕಾನಾಯಕನಾದ ರೊಗ್ಗೆವೀನನು ೧೭೨೨ರ ಏಪ್ರಿಲ್ ೫ರಂದು, ಕ್ರೈಸ್ತರ ಈಸ್ಟರ್ ಹಬ್ಬದ ದಿನ, ಅದನ್ನು ಕಂಡದ್ದರಿಂದ ಹೊರಗಿನವರು ಅದನ್ನು ಈಸ್ಟರ್ ದ್ವೀಪವೆಂದು ಕರೆದರು. ಒಂದೆರಡು ಹಗಲಿನಲ್ಲಿ ಕಾಲ್ನಡಿಗೆಯಿಂದ ಸುತ್ತಿಬರಬಹುದಾದ ಆ ನೆಲದಲ್ಲಿ ಒಂಬೈನೂರಕ್ಕೂ ಮಿಕ್ಕ ಶಿಲಾಮೂರ್ತಿಗಳಿವೆ. ಇವಕ್ಕೆ ಮೊವಾಯಿ ಎಂದು ಹೆಸರು. ರಾನೊ ರರಾಕು ಎಂಬ ಆರಿದ ಅಗ್ನಿಪರ್ವತದ ಮೆತುವಾದ ಕಲ್ಲನ್ನು ಗಟ್ಟಿ ಕಲ್ಲಿನ ಉಳಿಗಳಿಂದ ಕೆತ್ತಿ, ಕಡಲ ತೀರದ ಕಲ್ಲುಕಟ್ಟೆಗಳ ಮೇಲೆ ಅವನ್ನು ನಿಲ್ಲಿಸಿದರು. ಆ ಜನರಲ್ಲಿ ಕಬ್ಬಿಣವಿರಲಿಲ್ಲ, ಗಾಲಿಯಿರಲಿಲ್ಲ, ಎಳೆಯುವ ಎತ್ತುಗಳೂ ಇರಲಿಲ್ಲ. ಆದರೂ ಕಟ್ಟೆಯ ಮೇಲೆ ನಿಂತ ಮೂರ್ತಿಗಳಲ್ಲಿ ಅತ್ಯಂತ ಎತ್ತರವಾದುದು ೩೨ ಅಡಿಗೂ ಮಿಕ್ಕಿದೆ. ಅದರ ತೂಕವು ಕಾರ್ಕಳದ ಮೂರ್ತಿಗೆ ಹೇಳಿದಷ್ಟೇ, ಎಂಭತ್ತು ಟನ್ನುಗಳ ಸುಮಾರಿನದು. ಗಣಿಯಲ್ಲಿಯೇ ಅರ್ಧಕ್ಕೆ ಉಳಿದುಹೋದ ಒಂದು ಮೂರ್ತಿಯು ಪೂರ್ತಿಯಾಗಿದ್ದರೆ ಬೆಳಗೊಳದ ಗೊಮ್ಮಟನಿಗಿಂತಲೂ ಎತ್ತರವಾಗುತ್ತಿತ್ತು.

ಈ ಮೂರ್ತಿಗಳಲ್ಲಿ ಬಹುತೇಕ ಎಲ್ಲವೂ ಕಡಲಿಗೆ ಬೆನ್ನು ಮಾಡಿ ಊರಿನ ಕಡೆಗೆ ಮೋರೆ ಮಾಡಿದ್ದವು. ಅವು ಆಯಾ ಕುಲದ ಪೂರ್ವಿಕರ ರೂಪಗಳು. ತಮ್ಮ ಸಂತಾನದವರನ್ನು ಕಣ್ಣಿಟ್ಟು ಕಾಯುವವೆಂದು ಅಲ್ಲಿಯವರ ನಂಬುಗೆ. ಕಟ್ಟೆಯ ಮೇಲೆ ನಿಲ್ಲಿಸಿದ ಮೇಲೆಯೇ ಮೂರ್ತಿಗೆ ಬಿಳಿಯ ಹವಳದ ಕಣ್ಣುಗಳನ್ನು ಕೂಡಿಸುತ್ತಿದ್ದರೆಂಬುದು ೧೯೭೮ರಲ್ಲಿ ಅಂಥದೊಂದು ಕಣ್ಣು ಮಣ್ಣಿನಲ್ಲಿ ದೊರೆತಾಗ ತಿಳಿದುಬಂದಿತು. ನಮ್ಮ ಶಿಲ್ಪಿಗಳ ನೇತ್ರೋನ್ಮೀಲನ ವಿಧಿಯನ್ನು ಬಲ್ಲವರಿಗೆ ಇದು ಹೊಸತೆನಿಸಲಾರದು.

ಆದರೆ ಆ ಮೂರ್ತಿಗಳು ನಿಲ್ಲಲಿಲ್ಲ. ೧೭೭೪ರಲ್ಲಿ ಆಂಗ್ಲ ನಾವಿಕನಾದ ಕುಕ್ಕನು ಹೋದಾಗಲೇ ಕೆಲವು ಉರುಳಿದ್ದವು. ೧೮೬೦ರ ದಶಕವು ಮುಗಿಯುವಷ್ಟರಲ್ಲಿ ಕಟ್ಟೆಗಳ ಮೇಲೆ ಒಂದಾದರೂ ನಿಂತಿರಲಿಲ್ಲ. ಕುಲಕುಲಗಳ ಕಲಹದಲ್ಲಿ ಒಬ್ಬರ ಮೂರ್ತಿಯನ್ನು ಇನ್ನೊಬ್ಬರು ಕೆಡಹಿದರೆಂದು ದ್ವೀಪದ ಹಳಬರು ಹೇಳುತ್ತಿದ್ದರು. ಅದಕ್ಕಿಂತ ಘೋರವಾದುದು ಹೊರಗಿನಿಂದ ಬಂದಿತು. ೧೮೬೨-೬೩ರಲ್ಲಿ ಪೆರು ದೇಶದ ಹಡಗಿನವರು ಸುಮಾರು ಒಂದೂವರೆ ಸಾವಿರ ಮಂದಿಯನ್ನು ಹಿಡಿದು ಜೀತಕ್ಕೆ ಒಯ್ದರು. ಹಿಂದಿರುಗಿದ ಕೆಲವರ ಸಂಗಡ ಸಿಡುಬು ಬಂದಿತು. ೧೮೭೭ರಲ್ಲಿ ಇಡೀ ದ್ವೀಪದಲ್ಲಿ ಉಳಿದವರು ೧೧೧ ಜನ. ಮರಗಳನ್ನೆಲ್ಲ ಕಡಿದು ಆ ಜನರು ತಮ್ಮನ್ನು ತಾವೇ ಹಾಳು ಮಾಡಿಕೊಂಡರೆಂಬ ಕಥೆಯು ಬಹುಕಾಲ ಪ್ರಚಾರದಲ್ಲಿತ್ತು. ಪೂರ್ವಿಕರ ಅಸ್ಥಿಗಳನ್ನು ಶೋಧಿಸಿ ೨೦೨೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊರಗಿನವರು ಬರುವುದಕ್ಕೆ ಮೊದಲು ಅಂತಹ ಜನನಾಶವಾದ ಕುರುಹು ಕಾಣಲಿಲ್ಲ.

ಆ ೧೧೧ ಜನರ ಸಂತಾನದಲ್ಲಿ ಒಂದು ವಿದ್ಯೆಯು ಉಳಿದುಬಂದಿತ್ತು. ೧೯೫೫-೫೬ರಲ್ಲಿ ನಾರ್ವೆ ದೇಶದ ಥೋರ್ ಹೆಯರ್ಡಾಲನು ಅಲ್ಲಿಗೆ ಹೋಗಿ, ಈ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ ಬಗೆಯನ್ನು ವಿಚಾರಿಸಿದಾಗ, ದ್ವೀಪದ ಮುಖ್ಯಸ್ಥನಾದ ಪೆದ್ರೊ ಆತಾನನು ತನಗೆ ಅದು ಹಿರಿಯರಿಂದ ಬಂದಿದೆಯೆಂದನು. ಮಾತಿನಂತೆ ಹನ್ನೆರಡು ಜನರು ಮರದ ಸನ್ನೆಗೋಲುಗಳಿಂದ ಬಿದ್ದ ಮೂರ್ತಿಯನ್ನು ಕೂದಲೆಳೆಯಷ್ಟು ಮೀಟುತ್ತ, ಮೀಟಿದಷ್ಟಕ್ಕೂ ಅಡಿಯಲ್ಲಿ ಕಲ್ಲುಗಳನ್ನು ತುಂಬುತ್ತ, ಹದಿನೆಂಟು ದಿನಗಳಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರು. ಮೂರ್ತಿಗಳು ಗಣಿಯಿಂದ ತಾವೇ ನಡೆದುಬಂದವೆಂಬ ಅಲ್ಲಿಯ ಹಳೆಯ ಮಾತನ್ನೂ ಹೊರಗಿನವರು ಕಟ್ಟುಕಥೆಯೆಂದು ಬಗೆದಿದ್ದರು. ಇಕ್ಕೆಲಗಳಿಂದ ಹಗ್ಗ ಹಿಡಿದು ಓಲಾಡಿಸಿದರೆ ನಿಂತ ಮೂರ್ತಿಯು ಹೆಜ್ಜೆಯಿಟ್ಟಂತೆಯೇ ಮುಂದೆ ಸರಿಯುವುದೆಂದು, ೨೦೧೨ರಲ್ಲಿ ಹದಿನೆಂಟು ಜನರಿಂದ ಅಂಥದೇ ಪ್ರತಿಕೃತಿಯೊಂದನ್ನು ನಡೆಸಿದ ವಿದ್ವಾಂಸರು ತೋರಿಸಿದರು. ಕಲ್ಲುಗಳು ಬಿದ್ದಿದ್ದವು; ಅವುಗಳನ್ನು ನಿಲ್ಲಿಸುವ ಅರಿವು ಮಾತ್ರ ಅಜ್ಜನಿಂದ ಮೊಮ್ಮಗನಿಗೆ ನಡೆದು ಬಂದಿತ್ತು. ಶರಣರು ಜಂಗಮವೆಂದು ಕರೆದುದರ ಮಹಿಮೆಯನ್ನು ಆ ದೂರದ ದ್ವೀಪದಲ್ಲಿಯೂ ಕಾಣಬಹುದಾಗಿದೆ.

೩. ಕಾವಲಿನ ಶಾಸನಗಳು

ಇನ್ನು ನಮ್ಮ ನಾಡಿನ ಮೂರ್ತಿಗಳು ಸಾವಿರ ವರ್ಷಗಳವರೆಗೆ ನಿಂತುಬಂದ ಬಗೆಯನ್ನು ನೋಡತಕ್ಕದ್ದು. ಗಂಗರಾಜ್ಯವು ಅಳಿಯಿತು, ಹೊಯ್ಸಳರು ಅಳಿದರು, ವಿಜಯನಗರವೂ ಅಳಿಯಿತು, ಕಲಹಗಳೂ ಕಡಿಮೆಯಿರಲಿಲ್ಲ. ಆದರೂ ಪ್ರತಿಯೊಂದು ಕಾಲದಲ್ಲಿಯೂ ಕಾಯುವವರು ಒದಗಿದರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ೧೧೧೭ರ ಸುಮಾರಿಗೆ ಬೆಳಗೊಳದ ಗೊಮ್ಮಟನಿಗೆ ಸುತ್ತಾಲಯವನ್ನು ಕಟ್ಟಿಸಿದನು.

೧೩೬೮ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಆನೆಗೊಂದಿ, ಪೆನುಗೊಂಡೆ ಮೊದಲಾದ ಎಡೆಗಳ ಜೈನರು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ನುಡಿದು, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು. ಆ ಶಾಸನದ ಮುಂದಿನ ಭಾಗವು ಇನ್ನೂ ಸ್ವಾರಸ್ಯವಾದುದು. ಜೈನರ ಮನೆಮನೆಯಿಂದ ವರುಷಕ್ಕೊಂದು ಹಣದಂತೆ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸತಕ್ಕದ್ದೆಂದೂ, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಯಿಸತಕ್ಕದ್ದೆಂದೂ ಏರ್ಪಾಡಾಯಿತು; ಈ ಹೊಣೆಯನ್ನು ಹೊತ್ತವನು ತಿರುಮಲೆಯ ತಾತಯ್ಯನು. ವಿವಾದಕ್ಕೆ ನಿಂತ ಪಕ್ಷದವರ ಕೈಯಲ್ಲಿಯೇ ಎದುರು ಪಕ್ಷದ ದೇವರ ಕಾವಲನ್ನು ಇರಿಸಿದ ರಾಜನೀತಿಯು ವಿಚಾರಾರ್ಹವಾಗಿದೆ.

ಶಿವಭಕ್ತರಿಗೆ ಇದಕ್ಕಿಂತಲೂ ಸಮೀಪವಾದುದು ಹಳೇಬೀಡಿನ ೧೬೩೮ರ ಶಾಸನ. ಹಿಂದಿನ ಕಾಲದ ವಾದಗಳು ಎಲ್ಲ ಸಲವೂ ಮಾತಿನಲ್ಲಿಯೇ ಮುಗಿದವೆಂದು ಹೇಳಬರುವಂತಿಲ್ಲ. ಏಕಾಂತದ ರಾಮಯ್ಯನ ಮಹಿಮೆಯನ್ನು ಹೇಳುವ ಅಬ್ಬಲೂರಿನ ಶಾಸನದಲ್ಲಿ ಜಿನಬಿಂಬವನ್ನು ಒಡೆದ ಸಂಗತಿಯೂ ಇದೆ. ಅದನ್ನು ಮರೆಮಾಚುವುದು ಚರಿತ್ರೆಗೆ ತಕ್ಕುದಲ್ಲ. ಹಳೇಬೀಡಿನಲ್ಲಿಯೂ ಅಂಥದೇ ಸಂದರ್ಭವು ಒದಗಿತ್ತು. ಗಂಗರಾಜನ ಮಗನಾದ ಬೊಪ್ಪನು ೧೧೩೩ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬ ವೀರಶೈವನು ಲಿಂಗಮುದ್ರೆಯನ್ನು ಒತ್ತಿದನು. ಜೈನರಲ್ಲಿ ಒಬ್ಬನು ಅದನ್ನು ಅಳಿಸಿದನು. ಬೆಂಕಿ ಹೊತ್ತುವುದಕ್ಕೆ ಇಷ್ಟು ಸಾಕಾಗಿತ್ತು. ಆಗ ವೀರಶೈವ ಮಹಾಮಹತ್ತಿನವರು ಕೂಡಿದರು. ಕೂಡಿ, ವಿಭೂತಿ ವೀಳ್ಯಗಳನ್ನು ಮೊದಲು ಸಲ್ಲಿಸಿದ ಮೇಲೆ ಜೈನರು ತಮ್ಮ ಪೂಜೆ ಉತ್ಸವಗಳನ್ನು ಪೂರ್ವಮರ್ಯಾದೆಯಂತೆ ನಡೆಯಿಸಿಕೊಳ್ಳತಕ್ಕದ್ದೆಂದು ತೀರ್ಮಾನಿಸಿದರು. ಈ ನಿಬಂಧನೆಯಲ್ಲಿ ಆ ಕಾಲದ ಪ್ರಬಲರ ಕೈಮೇಲಾಗಿದ್ದುದರ ಕುರುಹಿಲ್ಲವೆಂದಲ್ಲ. ಆದರೆ ಅದರ ಬೆನ್ನಿಗೇ ಅವರು ಬರೆಯಿಸಿದ ಮಾತು ದೊಡ್ಡದು: ಈ ಜೈನಧರ್ಮಕ್ಕೆ ಅಡ್ಡಿಮಾಡುವವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವನಿಗೂ ಜಂಗಮಕ್ಕೂ ದ್ರೋಹಿ ಎಂಬುದು ಅದರ ತಾತ್ಪರ್ಯ.

ಪರರ ಮೂರ್ತಿಯನ್ನು ಕೆಡಿಸಿದವನು ಪರರಿಗೆ ಮಾತ್ರ ಅಪರಾಧಿಯಾಗದೆ ತನ್ನ ಜಂಗಮಕ್ಕೇ ದ್ರೋಹಿಯಾದನೆಂದು ಆ ಹಿರಿಯರು ನಿರ್ಣಯಿಸಿದರು. ಸ್ಥಾವರಪೂಜೆಯನ್ನು ಒಪ್ಪದವರು ಸ್ಥಾವರವನ್ನು ಕೆಡಹಬೇಕಾಗಿಲ್ಲ. ತನ್ನ ಆಚಾರದಲ್ಲಿ ದೃಢನಾಗಿದ್ದು ಪರರ ಆಚಾರಕ್ಕೆ ಕಾವಲಾಗಿರುವುದು ಭಕ್ತನಿಗೆ ಸಾಧ್ಯವಿದೆ. ಪಾರ್ಶ್ವನಾಥನ ಆ ಬಸದಿಯು ಹಳೇಬೀಡಿನಲ್ಲಿ ಈಗಲೂ ನಿಂತಿದೆ. ರಾಪಾ ನುಯಿಯ ಕುಲದವರು ಕಲಹದ ನಡುವೆ ಇಂಥದೊಂದು ಮಹಾಮಹತ್ತನ್ನು ಕೂಡಿಸಲು ಅವಕಾಶ ದೊರೆಯುವ ಮೊದಲೇ ಹೊರಗಿನ ಹಡಗುಗಳು ಅವರನ್ನು ಮುತ್ತಿದವು.

೪. ನಮ್ಮ ಸೀಮೆಯ ಮಾತು

ಕುಕ್ಕುವಾಡದ ಭಕ್ತರಿಗೆ ಇದೆಲ್ಲಕ್ಕೂ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ತುಂಗಭದ್ರೆಯ ದಡದ ಹರಿಹರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ದೇವಾಲಯದೊಳಗೆ, ಬಲಕ್ಕೆ ಹರನೂ ಎಡಕ್ಕೆ ಹರಿಯೂ ಆಗಿ ಒಂದೇ ಶಿಲೆಯಲ್ಲಿ ಮೂಡಿದ ಮೂರ್ತಿಯು ನಿಂತಿದೆ. ಎರಡು ಸಮಯದವರು ಕಾದಾಡುವುದನ್ನು ಬಿಟ್ಟು ಒಂದು ಕಲ್ಲಿನ ಎದುರಿಗೆ ಕೂಡಬಹುದೆಂದು ಅದನ್ನು ಕಡೆಯಿಸಿದವರು ನಂಬಿದ್ದರು.

ಹೀಗಿರಲು ಹೆಸರಾದ ಮೂರ್ತಿಗಳನ್ನು ಬಿಟ್ಟು ಊರೂರಿನ ಕಲ್ಲುಗಳನ್ನು ನೋಡಿದರೆ ವ್ಯಸನವಾಗುತ್ತದೆ. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಮಾಸ್ತಿಕಲ್ಲು ತಿಪ್ಪೆಯ ಬದಿಗೆ ಬೀಳುತ್ತದೆ. ಕೆರೆ ಕಟ್ಟಿಸಿದವನ ಹೆಸರುಳ್ಳ ಶಾಸನವು ಹೊಲದ ಬದುವಿನಲ್ಲಿ ಹೂತುಹೋಗುತ್ತದೆ. ಇವನ್ನು ಕೆಡಹಿದ ಶತ್ರುಗಳು ಯಾರೂ ಇಲ್ಲ. ಓದಬಲ್ಲವರೂ ಕೇಳುವವರೂ ಇಲ್ಲವಾದುದೇ ಇವುಗಳ ಪಾಡಿಗೆ ಕಾರಣ. ಪೆದ್ರೊ ಆತಾನನ ಮನೆಯಲ್ಲಿ ಅಜ್ಜನು ಮೊಮ್ಮಗನನ್ನು ಎದುರಿಗೆ ಕುಳ್ಳಿರಿಸಿಕೊಂಡು ಹೇಳಿಕೊಟ್ಟಂತೆ, ಪ್ರತಿಯೊಂದು ಊರಿನಲ್ಲಿಯೂ ಒಬ್ಬ ಹಿರಿಯನು ಒಬ್ಬ ಬಾಲಕನಿಗೆ ಊರ ಕಲ್ಲಿನ ಕಥೆಯನ್ನು ಹೇಳಿಕೊಟ್ಟರೆ, ಆ ಕಲ್ಲು ಇನ್ನೊಂದು ತಲೆಮಾರಿನವರೆಗೆ ನಿಲ್ಲುವುದು.

ಶ್ರೀಮಠದ ಮಹೋತ್ಸವದ ಈ ಸುಸಂದರ್ಭದಲ್ಲಿ ಇದನ್ನು ನೆನೆಯುವುದು ಉಚಿತವಾಗಿದೆ. ಮಠದ ಕಟ್ಟಡವೂ ಗದ್ದುಗೆಯೂ ಸ್ಥಾವರವೇ. ಅಲ್ಲಿ ನಡೆಯುವ ಪಾಠ, ದಾಸೋಹ, ಗುರುಶಿಷ್ಯರ ಸಂಬಂಧಗಳು ನಿಂತ ದಿನ ಅದು ಬರಿಯ ಕಲ್ಲಾಗಿ ಉಳಿಯುವುದು. ಅವು ನಡೆಯುತ್ತಿರುವವರೆಗೆ, ಗೋಡೆಯು ಬಿದ್ದರೂ ಮತ್ತೆ ಕಟ್ಟುವವರು ಹುಟ್ಟುವರು. ತಮ್ಮ ಅರಿವನ್ನು ಮುಂದಿನವರಿಗೆ ನಡೆಯಿಸುವ, ನೆರೆಯವರ ದೇವರಿಗೂ ಕಾವಲಾಗಿ ನಿಲ್ಲುವ ಭಕ್ತಸಮೂಹವು ಶ್ರೀಮಠಕ್ಕೆ ಎಂದೆಂದೂ ಒದಗಲೆಂದು ಶ್ರೀಗುರುವಿನಲ್ಲಿ ಪ್ರಾರ್ಥನೆ.

ಮಂಗಳಂ ಅಸ್ತು.