ಗರ್ಭಿಣಿಗೇಕೆ ಆ ಗುಳಿಗೆ ಬೇಡ?

ಆನೆಕಾಲು ರೋಗದ ನಿರ್ಮೂಲನಕ್ಕಾಗಿ ಐವರ್‌ಮೆಕ್ಟಿನ್, ಡಿ.ಇ.ಸಿ., ಆಲ್ಬೆಂಡಜೋಲ್ ಎಂಬ ಮೂರು ಔಷಧಿಗಳನ್ನು ಒಟ್ಟಿಗೆ ನುಂಗಿಸುವ ಕ್ರಮವನ್ನು ಸರಕಾರವು 2018-19ರಲ್ಲಿ ಮೊದಲು ಕೈಗೊಂಡ ಐದು ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ನೆರೂಳಿನ ಕಟ್ಟಡಗಳಲ್ಲಿ ದುಡಿಯಲು ಬಂದ ಆ ಸೀಮೆಯವರಲ್ಲಿ ಕೆಲವರು ಊರಲ್ಲೇ ಅದನ್ನು ನುಂಗಿ ಬಂದಿರಬಹುದು. ಮನೆಮನೆಗೆ ಬರುವ ಕಾರ್ಯಕರ್ತೆ ಬಸುರಿಯನ್ನು ಮಾತ್ರ ಬಿಟ್ಟು ಮುಂದೆ ಹೋಗುತ್ತಾಳೆ. ಔಷಧಿ ಒಳ್ಳೆಯದಾದರೆ ನಮ್ಮ ಸೊಸೆಗೇಕೆ ಬೇಡ ಎಂದು ಅತ್ತೆಯಂದಿರು ಕೇಳುವುದು ಸಹಜವೇ. ಉತ್ತರದ ಒಂದು ಭಾಗ ಕುರಿದೊಡ್ಡಿಯಲ್ಲಿದೆ.

1961ರ ಕೊನೆಗೆ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯನ್ನು ಮಾರುಕಟ್ಟೆಯಿಂದ ಹಿಂತೆಗೆದರು. ಅದನ್ನು ಸೇವಿಸಿದ ತಾಯಂದಿರಿಗೆ ಕೈಕಾಲು ಮೊಟಕಾದ ಸಾವಿರಾರು ಮಕ್ಕಳು ಹುಟ್ಟಿದ್ದವು. ಇಲಿಗಳಲ್ಲಿ ಈ ದೋಷ ಸುಲಭವಾಗಿ ಕಾಣದು, ಮೊಲಗಳಲ್ಲಿ ಕಾಣುತ್ತದೆ. 1966ರಲ್ಲಿ ಅಮೆರಿಕದ ಔಷಧ ಇಲಾಖೆ ಗರ್ಭಧಾರಣೆ, ಅಂಗಗಳು ಮೂಡುವ ಕಾಲ, ಹೆರಿಗೆ ಮತ್ತು ಮೊಲೆಯೂಡಿಸುವ ಕಾಲ ಎಂದು ಮೂರು ಹಂತಗಳ ಪ್ರಾಣಿಪರೀಕ್ಷೆಗೆ ಸೂತ್ರ ಹಾಕಿತು.

1970ರ ದಶಕದಲ್ಲಿ ಪಾರ್ಬೆಂಡಜೋಲ್ ಎಂಬ ಜಂತುನಾಶಕವನ್ನು ಕುಡಿಸಿದ ಗಬ್ಬದ ಕುರಿಗಳು ಎಲುಬು ಸೊಟ್ಟಗಾದ ಮರಿಗಳನ್ನು ಈದವು. ಅದರ ದಾಯಾದಿಯಾದ ಆಲ್ಬೆಂಡಜೋಲೂ ಇಲಿ, ಮೊಲಗಳ ಭ್ರೂಣಗಳನ್ನು ಕೆಡಿಸಿತು. ಸುಂಡಿಲಿಗಳಲ್ಲಿ ಏನೂ ತೋರಲಿಲ್ಲ. ಒಂದೇ ಪ್ರಾಣಿಯನ್ನು ನಂಬಿ ಕೂರಬಾರದೆನ್ನುವುದು ಇದಕ್ಕೇ.

ಕಾರಣ ಸ್ವಾರಸ್ಯಕರವಾಗಿದೆ. ಬಿ.ಎಸ್ಸಿ.ಯಲ್ಲಿ ಈರುಳ್ಳಿ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಡಿ ನೋಡಿದವರಿಗೆ ನೆನಪಿರಬಹುದು: ಜೀವಕೋಶ ಇಬ್ಭಾಗವಾಗುವಾಗ ಸಣ್ಣ ಎಳೆಗಳು ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುತ್ತವೆ. ಆ ಎಳೆಗಳು ಟ್ಯೂಬುಲಿನ್ ಎಂಬ ಪ್ರೋಟೀನಿನವು. ಔಷಧಿಯು ಹುಳುವಿನ ಟ್ಯೂಬುಲಿನ್ನಿಗೆ ಬಿಗಿಯಾಗಿ, ನಮ್ಮದಕ್ಕೆ ಸಡಿಲವಾಗಿ ಅಂಟುತ್ತದೆ. ಆದರೆ ಭ್ರೂಣದ ಕೋಶಗಳು ಬಿಡುವಿಲ್ಲದೆ ಒಡೆಯುತ್ತಿರುವುದರಿಂದ ಸಡಿಲ ಅಂಟೂ ಅಪಾಯವೇ. 1970ರ ದಶಕದಲ್ಲಿ ಬ್ರೂಸ್ ಏಮ್ಸ್ ರೂಪಿಸಿದ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಆಲ್ಬೆಂಡಜೋಲ್ ಪಾಸಾಯಿತು. ಪಾಸಾಗದೇನು, ಬ್ಯಾಕ್ಟೀರಿಯಾಕ್ಕೆ ಈ ಎಳೆಗಳೇ ಇಲ್ಲವಲ್ಲ! ವರ್ಣತಂತುಗಳ ಹಂಚಿಕೆ ತಪ್ಪುವುದನ್ನು ಪತ್ತೆಹಚ್ಚಲು ಬೇರೆ ಪರೀಕ್ಷೆಗಳೇ ಬೇಕು. ಐವರ್‌ಮೆಕ್ಟಿನ್ ಕೂಡ ಪ್ರಾಣಿಗಳಲ್ಲಿ ಸೀಳಂಗುಳ ತಂದದ್ದುಂಟು. ಆದರೆ ತಾಯಿಗೇ ವಿಷವಾಗುವಷ್ಟು ಪ್ರಮಾಣ ಕೊಟ್ಟಾಗ.

ಹಾಗೆಂದು ಬಸುರಿಯನ್ನು ಹುಳುವಿಗೆ ಬಿಟ್ಟುಬಿಡುವುದೂ ನ್ಯಾಯವಲ್ಲ. ಕೊಕ್ಕೆಹುಳು ರಕ್ತ ಹೀರುತ್ತದೆ, ರಕ್ತಹೀನತೆ ತಾಯಿ-ಮಗು ಇಬ್ಬರಿಗೂ ಕಂಟಕ. ಆದ್ದರಿಂದ ಅಂಗಗಳು ಮೂಡುವ ಮೊದಲ ಮೂರು ತಿಂಗಳು ಕಳೆದ ಮೇಲೆ ಆಲ್ಬೆಂಡಜೋಲ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ನಮ್ಮ ರಕ್ತಹೀನತೆ ಕಾರ್ಯಕ್ರಮದಲ್ಲೂ ಎರಡನೆಯ ತ್ರೈಮಾಸಿಕದಲ್ಲಿ 400 ಮಿಲಿಗ್ರಾಮಿನ ಒಂದು ಗುಳಿಗೆಯುಂಟು. ಆನೆಕಾಲಿನ ಆ ಮೂರರ ಸರದಿಗೆ ಮಾತ್ರ ಸೊಸೆ ಹೆರಿಗೆಯಾಗುವವರೆಗೆ ಕಾಯಬೇಕು.